ಒಂಟಿ ಹಳಿಯ ಕೋಲು

ಹೆಂಡತಿ ಬಂದು ಮೊದಲನೆಯ ಸೀಟಿನಲ್ಲೇ ಕೂತುಬಿಟ್ಟಳು. ಇಡೀ ಬೋಗಿ ಖಾಲಿ ಇತ್ತು. ಬಾಗಿಲ ಪಕ್ಕ, ಕಿಟಕಿ ಪಕ್ಕ, ಬಿಸಿಲಿಲ್ಲದ ಕಡೆ, ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೆ ಅವಳು ಚಾಲಕನ ಗೂಡಿನ ಗಾಜಿಗೆ ಅಂಟಿಕೊಂಡೇ ಇರುವ ಸೀಟನ್ನು ಆರಿಸಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ನೆಟ್ಟಗೆ ಕೂತಳು. ತಲೆಯ ಮೇಲಿನ ಕನ್ನಡಿಯಲ್ಲಿ ಅವಳ ಮುಖ ಪೂರ್ತಿಯಾಗಿ ಕಾಣುತ್ತಿತ್ತು. ಅವನು ಕನ್ನಡಿಯನ್ನು ತುಸು ತಿರುಗಿಸಿದ. ಮುಖ ಹೋಗಿ ಕಿವಿ ಉಳಿಯಿತು. ಇನ್ನೊಂದಿಷ್ಟು ತಿರುಗಿಸಿದರೆ ಹಿಂದಿನ ಬಾಗಿಲು ಕಾಣುವುದಿಲ್ಲ, ಬಾಗಿಲು ಕಾಣದೆ ಗಾಡಿ ಬಿಡುವಂತಿಲ್ಲ. ಮತ್ತೆ ಮೊದಲಿನಂತೆಯೇ ಇಟ್ಟ. ಅವಳು ಕನ್ನಡಿಯಲ್ಲಿ ಅವನನ್ನು ಕಂಡು ನಕ್ಕಳು. ಅವನೂ ನಗಲು ಹೋದ. ತುಟಿ ಮಾತ್ರ ಅಗಲವಾಯಿತು.

ಬೆಳಿಗ್ಗೆ ಊಟದ ಡಬ್ಬಿ ಕಟ್ಟುತ್ತ, ಅವನಿಗೆ ಬೆನ್ನು ಮಾಡಿಕೊಂಡೇ, ಅವಳು ಇದನ್ನು ಹೇಳಿದ್ದಳು.

"ಇವತ್ತು ನಾನೂ ಬರ್ತೀನಿ ರೀ, ನಿಮ್ಮ ಗಾಡೀಲಿ. ರಜಾ ಹಾಕಿದೀನಿ."

"ಯಾಕೆ? ಆ ಕಡೆ ಏನು ಕೆಲಸ?"

"ಕೆಲಸ ಇದ್ರೇನೇ ಬರಬೇಕಾ? ಹಳೇ ಸೇತುವೆ ಮೇಲೆ ರೈಲು ಹೋಗೋದು ಇವತ್ತೇ ಕೊನೆಯಂತೆ. ಮಧ್ಯಾಹ್ನದಿಂದ ಹೊಸ ಸೇತುವೆಯಂತೆ. ಊರಿಗೆಲ್ಲ ಗೊತ್ತು, ಡ್ರೈವರ್ ಹೆಂಡ್ತಿಗೆ ಮಾತ್ರ ಅಂಗಡಿಗೆ ಬಂದ ಗಿರಾಕಿ ಹೇಳಬೇಕು."

"ರಷ್ ಇರತ್ತೆ."

"ನಿಂತ್ಕೊಂಡು ಬರ್ತೀನಿ."

"ಬೋಗಿ ಅಲ್ಲಾಡತ್ತೆ. ನಿನಗೆ ತಲೆ ಸುತ್ತತ್ತೆ."

"ಸುತ್ತಲಿ ಬಿಡಿ. ಮನೇಲಿ ಕೂತ್ರೂ ಸುತ್ತತ್ತೆ."

ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ಕಾರಣ ಇತ್ತು, ಆದರೆ ಹೇಳುವಂಥದ್ದಲ್ಲ. ಹೇಳಲು ಕೂತರೆ ಅದರಲ್ಲಿ ಹೇಳುವಂಥದ್ದು ಏನೂ ಇರಲೂ ಇಲ್ಲ. ಅವನು ಯಾರ ಜೊತೆಗೂ ಓಡಾಡಿದವನಲ್ಲ, ಯಾರ ಮನೆಯ ಬಾಗಿಲನ್ನೂ ತಟ್ಟಿದವನಲ್ಲ, ಒಂದು ಮಾತನ್ನೂ ಆಡಿದವನಲ್ಲ. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಬೂಟಿನ ದಾರ ಕಟ್ಟಲು ಬಗ್ಗಿದವನಿಗೆ ಅದು ಎರಡು ಸಲ ಬಿಚ್ಚಿಕೊಂಡಿತು. ಅವಳು ಆಗಲೇ ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಪೇಟೆಯ ತುದಿಯಿಂದ ಹೊರಬಡಾವಣೆಯ ತುದಿಯವರೆಗೂ ಈ ಲೈಟ್ ರೈಲಿಗೆ ಹೋಗಲೊಂದು ಹಳಿ, ಬರಲೊಂದು ಹಳಿ. ನದಿ ದಾಟುವ ಹಳೆಯ ಸೇತುವೆ ಇಕ್ಕಟ್ಟಿನದು, ಅದರ ಮೇಲೆ ಮಾತ್ರ ಒಂದೇ. ಎದುರುಬದುರಾಗಿ ಎರಡು ಗಾಡಿ ಅದನ್ನು ಹತ್ತಬಾರದಲ್ಲ, ಅದಕ್ಕೊಂದು ಕೋಲು. ಮೊಳದುದ್ದದ ಕಬ್ಬಿಣದ ಕೋಲು, ಎರಡೂ ತುದಿಗೆ ಹಿತ್ತಾಳೆಯ ಕಟ್ಟು, ಹಚ್ಚಿದ ಹಸಿರು ಬಣ್ಣ ಕೈ ಹಿಡಿದ ಕಡೆಯೆಲ್ಲ ಸವೆದುಹೋಗಿದೆ. ಕೋಲು ಯಾರ ಕೈಯಲ್ಲಿದೆಯೋ ಅವರ ಗಾಡಿಗೆ ಸೇತುವೆ. ಸೇತುವೆ ಇಳಿದು ಬಂದವರು, ಕಾಯುತ್ತಿರುವ ಗಾಡಿಯ ಪಕ್ಕದಲ್ಲಿ ನಿಂತು, ಕಿಟಕಿಯಿಂದ ಕಿಟಕಿಗೆ ಕೈ ಚಾಚಿ, ಕೋಲನ್ನು ದಾಟಿಸಿ ಮುಂದೆ ಹೋಗಬೇಕು. ಸಿಗ್ನಲ್ ಬಂತು, ಕಂಪ್ಯೂಟರ್ ಬಂತು, ಯಾವ ಗಾಡಿ ಎಲ್ಲಿದೆ ಎಂದು ಕಂಟ್ರೋಲ್ ರೂಮಿನ ಪರದೆಯ ಮೇಲೆ ಇರುವೆ ಹರಿದಂತೆ ಕಾಣುವುದೂ ಬಂತು. ಕೋಲು ಮಾತ್ರ ಹೋಗಲಿಲ್ಲ. ದೀಪ ಸುಳ್ಳು ಹೇಳಬಹುದು, ಕೋಲು ಇರುವುದೇ ಒಂದಾದ್ದರಿಂದ ಅದು ಸುಳ್ಳು ಹೇಳಲಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕೊಡುವವರು "ಕೋಲು ಕೊಟ್ಟೆ" ಎನ್ನಬೇಕು. ತೆಗೆದುಕೊಳ್ಳುವವರು "ಕೋಲು ತಗೊಂಡೆ" ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಕೊಡುವವರು ಹಿಡಿತ ಬಿಡಬಾರದು. ಡಿಪೋದಲ್ಲಿ ಇದರ ಮೇಲೆ ತಮಾಷೆಗೇನೂ ಬರವಿಲ್ಲ. ಯಾರಾದರೂ ಚಹಾ ಲೋಟ ಕೈಗಿತ್ತರೂ "ಕೊಟ್ಟೆ", "ತಗೊಂಡೆ". ಸಂಸಾರದಲ್ಲೂ ಹೀಗೆ ಬಾಯಿಬಿಟ್ಟು ಹೇಳಿ ಕೊಟ್ಟು ತಗೊಳ್ಳೋ ಹಾಗಿದ್ರೆ ಅರ್ಧ ಜಗಳ ಇರ್ತಿರಲಿಲ್ಲ ಎಂದು ಯಾರೋ ಅಂದಿದ್ದರು. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ.

ಕೋಲು ಕೊಡುವ ಚಾಲಕರಲ್ಲಿ ಒಬ್ಬಳು ಆಚೆ ಬದಿಯ ಡಿಪೋದವಳು. ಎಲ್ಲರೂ ಟೀಚರ್ ಎನ್ನುತ್ತಾರೆ. ಶಾಲೆಯಲ್ಲಿ ಪಾಠ ಹೇಳಿದವಳೇನಲ್ಲ. "ಕೋಲು ಕೊಟ್ಟೆ" ಎಂಬ ಎರಡು ಶಬ್ದವನ್ನು ಉಕ್ತಲೇಖನ ಬರೆಸುವವರಂತೆ ಬಿಡಿಬಿಡಿಯಾಗಿ ಹೇಳುತ್ತಾಳೆಂದು ಆ ಹೆಸರು. ದಿನಕ್ಕೊಂದು ಸಲ, ಬಿಸಿಲೇರುವ ಹೊತ್ತಿಗೆ, ಆಕೆ ಸೇತುವೆ ಇಳಿದು ಬಂದು ಅವನ ಪಕ್ಕದಲ್ಲಿ ನಿಲ್ಲುತ್ತಾಳೆ. ಬೇರೆ ಚಾಲಕರಿಂದಲೂ ಅವನು ಕೋಲು ತೆಗೆದುಕೊಳ್ಳುತ್ತಾನೆ, ಅದು ಕಬ್ಬಿಣ. ಆಕೆ ಕೊಟ್ಟದ್ದು ಸೇತುವೆ ಮುಗಿಯುವವರೆಗೂ ಬೆಚ್ಚಗಿರುತ್ತದೆ. ಇದು ಅವನ ಭ್ರಮೆ ಎಂದು ಅವನಿಗೂ ಗೊತ್ತು. ಆಕೆಯ ಹೆಸರನ್ನು ಅವನು ಕೇಳಿಲ್ಲ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಆಕೆಯ ಮುಖಕ್ಕಿಂತ ಬಲಗೈಯೇ ಅವನಿಗೆ ಹೆಚ್ಚು ಪರಿಚಯ: ಮಣಿಕಟ್ಟಿನ ಒಳಮೈಗೆ ತಿರುಗಿಸಿ ಕಟ್ಟಿದ ಗಡಿಯಾರ, ಬುಡಮಟ್ಟ ಕತ್ತರಿಸಿದ ಉಗುರು, ತೋಳಿನ ಮೇಲೆ ಎಂದೋ ಸುಟ್ಟುಕೊಂಡ ಒಂದು ಬಿಳಿ ಕಲೆ. ಒಮ್ಮೆ ಎಲ್ಲ ಚಾಲಕರಿಗೂ ಒಟ್ಟಿಗೆ ಆರೋಗ್ಯ ತಪಾಸಣೆ ಇಟ್ಟಿದ್ದರು. ಸಾಲಿನಲ್ಲಿ ಅವನ ಮುಂದೆ ನಿಂತ ಹೆಂಗಸು ಕುಳ್ಳಗಿದ್ದಳು, ಕಾಲೆಳೆದು ನಡೆಯುತ್ತಿದ್ದಳು, ಮೇಲಿಂದ ಮೇಲೆ ಸೀನುತ್ತಿದ್ದಳು; ಅವನಿಗೆ ಸ್ವಲ್ಪ ಕಿರಿಕಿರಿಯೂ ಆಗಿತ್ತು. ರಕ್ತದೊತ್ತಡ ನೋಡಲು ತೋಳು ಚಾಚಿದಾಗಲೇ ಅದು ಯಾರ ತೋಳೆಂದು ತಿಳಿದದ್ದು. ಮಾತಾಡಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ಅವನು ಸಾಲಿನಿಂದ ಕಳಚಿಕೊಂಡು ಪಾಯಿಖಾನೆಗೆ ಹೋಗಿ ಬಾಗಿಲು ಹಾಕಿಕೊಂಡ. ನರ್ಸು ಹೊರಗೆ ನಿಂತು, "ಯಾರ್ರೀ ಅದು, ಸೂಜಿಗೆ ಹೆದರಿ ಓಡಿಹೋದೋರು?" ಎಂದು ಕೂಗಿದಳು. ಸಾಲಿಗೆ ಸಾಲೇ ನಕ್ಕಿತು. ಆ ನಗುವಿನಲ್ಲಿ ಆಕೆಯದೂ ಇದೆಯೇ ಎಂದು ಅವನು ಬಾಗಿಲಿಗೆ ಕಿವಿಯಿಟ್ಟು ಕೇಳಿದ್ದ.

ಗಂಟೆ ಬಾರಿಸಿ ಗಾಡಿ ಬಿಟ್ಟ. ಎಡಗೈ ಹಿಡಿಯ ಮೇಲೆ. ಓಡುತ್ತಿರುವಷ್ಟು ಹೊತ್ತೂ ಆ ಹಿಡಿಯನ್ನು ಒತ್ತಿಕೊಂಡೇ ಇರಬೇಕು. ಕೈ ತೆಗೆದರೆ ಚಾಲಕ ಸತ್ತನೆಂದು ತಿಳಿದು ಗಾಡಿ ತಾನಾಗಿ ನಿಲ್ಲುತ್ತದೆ. ಪೇಟೆಯ ಅಂಗಡಿಗಳು ಇನ್ನೂ ಅರ್ಧ ಬಾಗಿಲು ತೆರೆದಿದ್ದವು. ಬ್ಯಾಂಕಿನ ಮೆಟ್ಟಿಲ ಮೇಲೆ ಒಬ್ಬ ನೀರು ಸುರಿದು ತೊಳೆಯುತ್ತಿದ್ದ. ಬೆನ್ನ ಹಿಂದೆ ಕೀಚುಕೀಚು ಸದ್ದು ಕೇಳಿತು. ಕನ್ನಡಿಯಲ್ಲಿ ನೋಡಿದರೆ ಹೆಂಡತಿ ಚೀಲದಿಂದ ಮೆತ್ತನೆಯ ಬಟ್ಟೆ ತೆಗೆದು ಗೂಡಿನ ಗಾಜನ್ನು ಒರೆಸುತ್ತಿದ್ದಾಳೆ. ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಫ್ರೇಮಿಗೆ ಗಾಜು ಕೂರಿಸಿ, ಒರೆಸಿ, ಗಿರಾಕಿಯ ಮೂಗಿನ ಮೇಲಿಟ್ಟು, "ಈಗ ನೋಡಿ" ಎನ್ನುವುದು. ಮಂಕಾದ ಗಾಜು ಕಂಡರೆ ಸುಮ್ಮನಿರಲಾರಳು. ಬಾಯಿಯಿಂದ ಆವಿ ಊದಿ, ಉರುಟುರುಟಾಗಿ ತಿಕ್ಕಿ, ಮಾತು ಕೇಳಲೆಂದು ಗಾಜಿಗೆ ಕೊರೆದ ತೂತುಗಳ ಹತ್ತಿರ ಬಾಯಿ ತಂದು, "ಏನ್ರೀ ಇದು, ಈ ಪಾಟಿ ಗಲೀಜು? ಯಾರ್ಯಾರೋ ತಲೆ ಒರಗಿಸಿ ಎಣ್ಣೆ ಕೂತಿದೆ. ನೀವು ಕಾಣೋದೇ ಇಲ್ಲ" ಎಂದಳು. ಅವನು ಹೂಂ ಎಂದ. ಗಾಜು ತಿಳಿಯಾದ ಹಾಗೆಲ್ಲ ಅವನಿಗೆ ಬೆನ್ನ ಮೇಲೆ ಅಂಗಿಯೇ ಇಲ್ಲವೆನ್ನಿಸತೊಡಗಿತು. ಹಿಂದೆ ಅವನು ಓಡಿಸುತ್ತಿದ್ದ ಬಸ್ಸಿನಲ್ಲಿ ಹೀಗೆ ಗಾಜು ಇರಲಿಲ್ಲ. ಇಂಜಿನ್ನಿನ ಉಬ್ಬಿನ ಪಕ್ಕದ ಉದ್ದ ಸೀಟು, ಅದರ ತುದಿಯಲ್ಲಿ ಅವಳು. ಅಂಗಡಿ ಮುಚ್ಚಿದ ಮೇಲೆ ನೇರ ಬಂದು ಹತ್ತುವಳು. ಎಲ್ಲಿಗೂ ಹೋಗುವುದಿಲ್ಲ, ಅವನ ಜೊತೆ ಒಂದು ಸುತ್ತು ಹೊಡೆದು ಹತ್ತಿದಲ್ಲೇ ಇಳಿಯುವಳು. "ಚಾಲಕರೊಡನೆ ಮಾತನಾಡಬಾರದು" ಎಂಬ ಹಲಗೆಯ ಅಡಿಯಲ್ಲೇ ಕೂತು ವಟವಟ ಮಾತಾಡುವಳು: ಇವತ್ತು ಒಬ್ಬ ಮುದುಕ ಹೊಸ ಕನ್ನಡಕ ಹಾಕಿಕೊಂಡು ಹೆಂಡತಿಯನ್ನು ನೋಡಿ ಇದು ಯಾರು ಎಂದನಂತೆ. ಅವನು ರಸ್ತೆ ನೋಡುತ್ತಲೇ ನಗುತ್ತಿದ್ದ. ಇಂಜಿನ್ನಿನ ಕಾವಿಗೆ ಅವಳ ಕೆನ್ನೆ ಕೆಂಪಾಗುತ್ತಿತ್ತು. ಕಂಡಕ್ಟರ್, "ನಿಮ್ಮ ಮನೆಯೋರಿಗೆ ಪಾಸ್ ಮಾಡಿಸಿ ಸಾರ್" ಎಂದು ರೇಗಿಸುತ್ತಿದ್ದ. ಮುಂದಿನ ನಿಲ್ದಾಣ ಬಂತು. ಅವನು ಬಾಗಿಲ ಗುಂಡಿ ಒತ್ತಿದ.

ಆಮೇಲೆ ಆ ದಿನಗಳು ಮುಗಿದವು. ಜಗಳವೇನೂ ಆಗಲಿಲ್ಲ. ಮಗಳು ಹಾಸ್ಟೆಲಿಗೆ ಹೋದಳು, ಇವನು ಬಸ್ಸು ಬಿಟ್ಟು ರೈಲಿಗೆ ಬಂದ, ಮನೆಯಲ್ಲಿ ಮಾತು ಕಡಿಮೆಯಾಯಿತು. ಗ್ಯಾಸ್ ಮುಗಿಯಿತು, ನಲ್ಲಿ ಸೋರುತ್ತಿದೆ, ಮಗಳು ಫೋನ್ ಮಾಡಿದ್ದಳು, ಇಷ್ಟೇ ಉಳಿಯಿತು. ಮಾತು ಇಲ್ಲವೆಂದಲ್ಲ. ಹೋದ ತಿಂಗಳು ಒಂದು ನಾಯಿ ಮಾರುಕಟ್ಟೆ ನಿಲ್ದಾಣದಲ್ಲಿ ಹತ್ತಿ, ಯಾರ ಕಾಲನ್ನೂ ತುಳಿಯದೆ ಬಾಗಿಲ ಬಳಿ ಕೂತು, ಆಸ್ಪತ್ರೆ ನಿಲ್ದಾಣದಲ್ಲಿ ಇಳಿದು, ಯಾವುದೋ ಅವಸರದ ಕೆಲಸವಿದ್ದವರಂತೆ ಹೋಯಿತು. ಇದನ್ನು ಟೀಚರಿಗೆ ಹೇಳಬೇಕು ಎಂದು ಅವನಿಗೆ ಎಷ್ಟು ಆಸೆಯಾಗಿತ್ತು! ಹೇಗೆ ಹೇಳಬೇಕು, ನಾಯಿ ಇಳಿಯುವ ಮುನ್ನ ಹೇಗೆ ತಿರುಗಿ ನೋಡಿತು ಎಂಬಲ್ಲಿ ಎಷ್ಟು ನಿಲ್ಲಿಸಬೇಕು ಎಂದೆಲ್ಲ ಮನಸ್ಸಿನಲ್ಲೇ ಕೂಡಿಸಿಕೊಂಡಿದ್ದ. ಕಿಟಕಿಯಲ್ಲಿ ಕೈ ಬಂದಾಗ "ಕೋಲು ತಗೊಂಡೆ" ಎಂದ, ಅಷ್ಟೇ. ನಾಯಿಯ ಸುದ್ದಿ ಅವನಲ್ಲೇ ಉಳಿಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಬಹುದಿತ್ತು, ಅವಳು ಬಿದ್ದುಬಿದ್ದು ನಗುತ್ತಿದ್ದಳು. ಆದರೆ ಒಬ್ಬರಿಗೆಂದು ಎತ್ತಿಟ್ಟದ್ದನ್ನು ಇನ್ನೊಬ್ಬರಿಗೆ ಬಡಿಸುವುದು ಹೇಗೆ? ಹೀಗೆ ಯಾರಿಗೂ ಹೇಳದ ಸುದ್ದಿಗಳು ಅವನೊಳಗೆ ಅಟ್ಟದ ಸಾಮಾನಿನ ಹಾಗೆ ತುಂಬಿಕೊಂಡವು.

ಇವತ್ತಿಗೆಂದು ಒಂದು ವಾಕ್ಯ ಸಿದ್ಧವಾಗಿತ್ತು. ಹೊಸ ಸೇತುವೆಯ ದಿನ ಗೊತ್ತಾದಾಗಿನಿಂದ ಅವನು ಅದನ್ನು ಕಡೆದು ಕಡೆದು ಸಣ್ಣದು ಮಾಡಿದ್ದ. ಮೊದಲು ಅದರಲ್ಲಿ ನಾಯಿ ಇತ್ತು, ತಪಾಸಣೆಯ ದಿನ ಇತ್ತು, ಕ್ಷಮಿಸಿ ಎಂಬುದೂ ಇತ್ತು. ಎಲ್ಲ ಉದುರಿ ಕೊನೆಗೆ ಉಳಿದದ್ದು, "ದಿನಾ ನಿಮಗೋಸ್ಕರ ಮುಂಚೆ ಬಂದು ಕಾಯ್ತಿದ್ದೆ." ಇಷ್ಟು ಹೇಳಲು ಆಗಬೇಕು. ಉತ್ತರ ಬೇಕಾಗಿರಲಿಲ್ಲ, ಆಕೆ ಉತ್ತರ ಕೊಟ್ಟರೆ ಏನು ಮಾಡಬೇಕೆಂದು ಅವನು ಯೋಚಿಸಿಯೂ ಇರಲಿಲ್ಲ. ಮಾತು ಸುಳ್ಳಾಗಿರಲಿಲ್ಲ. ಸೇತುವೆಯ ಈ ಬದಿಗೆ ಒಂದು ಸಣ್ಣ ಶೆಡ್ಡಿದೆ, ಅದರಲ್ಲಿ ಮೀಸೆ ಎಂದು ಎಲ್ಲರೂ ಕರೆಯುವ ಹಳಿ ಕಾಯುವವನು. ಇವನ ಗಾಡಿ ಹೊತ್ತಿಗೆ ಮುಂಚೆ ಅಲ್ಲಿ ಹೋಗಿ ನಿಂತಿರದಿದ್ದರೆ ಟೀಚರ್ ಕೋಲನ್ನು ಮೀಸೆಯ ಕೈಗೆ ಕೊಟ್ಟು ಹೊರಟುಬಿಡುತ್ತಾಳೆ. ಅದಕ್ಕೇ ಅವನು ಬೆಳಗಿನ ಈ ಓಟದಲ್ಲಿ ಯಾರಿಗಾಗಿಯೂ ನಿಲ್ಲುವವನಲ್ಲ. ಒಂದು ದಿನ ಆಸ್ಪತ್ರೆ ನಿಲ್ದಾಣದಲ್ಲಿ ಒಬ್ಬಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಕೈಯಲ್ಲಿ ಎಕ್ಸ್‌ರೇ ಲಕೋಟೆ ಆಡಿಸುತ್ತ ಓಡಿ ಬಂದಳು. ಕನ್ನಡಿಯಲ್ಲಿ ಅವಳನ್ನು ಸ್ಪಷ್ಟವಾಗಿ ಕಂಡು, ಅವಳ ಕೈ ಬಾಗಿಲಿಗೆ ತಾಗುವ ಮೊದಲು ಅವನು ಗುಂಡಿ ಒತ್ತಿದ. ಗಾಡಿ ಹೊರಟಾಗ ಮಗು ಕೈ ಬೀಸುತ್ತಿತ್ತು, ಅದಕ್ಕೇನು ಗೊತ್ತು. ಆ ಮಗುವಿನ ಕೈ ಅವನಿಗೆ ಆಮೇಲೆ ಬಹಳ ದಿನ ಕಾಣುತ್ತಿತ್ತು.

ಆಸ್ಪತ್ರೆ ನಿಲ್ದಾಣ ಬಂತು. ಜನ ಹತ್ತಿದರು. ದೂರದಲ್ಲಿ ಊರುಗೋಲು ಹಿಡಿದ ಒಬ್ಬರು ಕೈ ಎತ್ತಿ ಬರುತ್ತಿದ್ದರು. ಬರುವುದೆಂದರೆ ಎರಡು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುವುದು. ಅವನ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಕನ್ನಡಿಯಲ್ಲಿ ಹೆಂಡತಿ ಆ ಮುದುಕರನ್ನೂ ಅವನನ್ನೂ ನೋಡುತ್ತಿದ್ದಳು. ಅವನು ಕಾದ. ಕಾಯುತ್ತ ಅವನಿಗೆ ಒಂದು ಬೇರೆಯೇ ಯೋಚನೆ ಬಂತು: ಹೀಗೆ ತಡವಾಗಿಯೇ ಹೋದರೆ ಮೀಸೆ ಕೋಲು ಇಸಕೊಳ್ಳುತ್ತಾನೆ, ಟೀಚರ್ ಹೋಗಿರುತ್ತಾಳೆ, ಹೆಂಡತಿ ಏನನ್ನೂ ನೋಡುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮುದುಕರು ಹತ್ತಿ, ಏದುಸಿರಿನಲ್ಲೇ, "ನೂರು ಕಾಲ ಬಾಳಪ್ಪ" ಎಂದರು. ಹೆಂಡತಿ ಹೆಮ್ಮೆಯಿಂದ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು, ತನ್ನ ಗಂಡ ದಿನವೂ ಹೀಗೇ ಎಂಬಂತೆ. ಆಗ ಹಿಂದಿನ ಸೀಟಿನಿಂದ, ದಿನಾ ಬರುವ ಒಬ್ಬ ಗುಮಾಸ್ತ, ಪೇಪರ್ ಮಡಿಸುತ್ತ, ಯಾರಿಗೂ ಅಲ್ಲದಂತೆ ಎಲ್ಲರಿಗೂ ಕೇಳುವಂತೆ ಹೇಳಿದ:

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೋ. ಈ ಡ್ರೈವರು ಅಪ್ಪನಾಣೆಗೂ ಕಾಯೋರಲ್ಲ. ಸೇತುವೆ ಹತ್ರ ಏನು ಗಂಟು ಹೂತಿಟ್ಟಿದಾರೋ, ದಿನಾ ಅಷ್ಟು ಅವಸರ. ಹೋಗಿ ಮಾಡೋದೇನು? ಅಲ್ಲಿ ಸುಮ್ಮನೆ ನಿಂತ್ಕೊಳೋದು!"

ಒಂದಿಬ್ಬರು ನಕ್ಕರು. ಹೆಂಡತಿ ತಿರುಗಿ, "ಹೌದಾ?" ಎಂದು ಕೇಳಿದಳು, ಬೇರೆ ಯಾರದೋ ಗಂಡನ ಸುದ್ದಿ ಕೇಳುವವಳಂತೆ. ಆಮೇಲೆ ಕನ್ನಡಿಯತ್ತ ನೋಡಿದಳು. ಅವನು ಹಳಿ ನೋಡಿದ. ಕಿವಿ ಬಿಸಿಯಾಯಿತು. ತಡ ಮಾಡಬೇಕೆಂದು ಅಂದುಕೊಂಡವನ ಎಡಗೈ, ಅವನನ್ನು ಕೇಳದೆಯೇ, ಹಿಡಿಯನ್ನು ಮುಂದಕ್ಕೆ ತಳ್ಳಿತು. ಗೋದಾಮುಗಳು, ಶಾಲೆಯ ಮೈದಾನ, ಒಣಹಾಕಿದ ಬಟ್ಟೆಗಳ ಮಹಡಿಗಳು ಬೇಗಬೇಗ ಹಿಂದೆ ಸರಿದವು. ಇವತ್ತು ತಪ್ಪಿದರೆ ಮುಗಿಯಿತು, ನಾಳೆಯಿಂದ ಆಕೆಗೆ ಅವನ ಪಕ್ಕದಲ್ಲಿ ನಿಲ್ಲುವ ಕೆಲಸವೇ ಇಲ್ಲ. ಹೆಂಡತಿ ನೋಡಿದರೆ ನೋಡಲಿ. ನೋಡಲು ಇರುವುದಾದರೂ ಏನು, ಒಂದು ಕೈ, ಒಂದು ಕೋಲು.

ಸೇತುವೆಯ ಬುಡಕ್ಕೆ ಬಂದಾಗ ಆಚೆಯ ಗಾಡಿ ಇನ್ನೂ ಕಂಡಿರಲಿಲ್ಲ. ಅವನು ಮೊದಲೇ ಬಂದಿದ್ದ. ಮೀಸೆ ಶೆಡ್ಡಿನಿಂದ ಹೊರಬಂದು, "ಬಂದ್ರಾ? ಇವತ್ತೂ ನೀವೇ ಮುಂಚೆ" ಎಂದ. "ಇನ್ನೆರಡು ಗಾಡಿ, ಆಮೇಲೆ ಕೋಲಿಗೂ ರಿಟೈರು, ನನಗೂ ಬೇರೆ ಕಡೆ ವರ್ಗ. ಅದನ್ನ ಆಫೀಸಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ನನ್ನನ್ನ ಯಾರು ಇಡ್ತಾರೆ?" ಅವನಿಗೆ ನಗು ಬರಲಿಲ್ಲ. ಪಕ್ಕದಲ್ಲಿ ಹೊಸ ಸೇತುವೆ ಅಗಲವಾಗಿ, ಬೆಳ್ಳಗೆ, ಯಾರೂ ನಡೆಯದ ಅಂಗಳದಂತೆ ಬಿದ್ದಿತ್ತು. ಕಿಟಕಿ ಸರಿಸಿದ. ನದಿಯ ಗಾಳಿ ಬಂತು. ಹಿಂದೆ ಗುಮಾಸ್ತ ಯಾರಿಗೋ, "ನೋಡಿದ್ರಾ, ನಾನು ಹೇಳಿದ್ದು" ಎನ್ನುತ್ತಿದ್ದ. ಹಳೆಯ ಸೇತುವೆಯ ಕಬ್ಬಿಣ ಮೊದಲು ಸಣ್ಣಗೆ, ಆಮೇಲೆ ಗಟ್ಟಿಯಾಗಿ ನಡುಗಿತು. ಆಕೆಯ ಗಾಡಿ ಬಾಗಿ ಬಂತು, ವೇಗ ಇಳಿಸಿತು, ಪಕ್ಕಕ್ಕೆ ಬಂದು ನಿಂತಿತು. ಕಿಟಕಿಗೆ ಕಿಟಕಿ.

ಕೈ ಚಾಚಿತು. ಕೋಲು ಅವನ ಅಂಗೈಗೆ ತಾಗಿತು. ಅವನು ತಿರುಗಲಿಲ್ಲ. ತಿರುಗಬೇಕೆಂದು ಕುತ್ತಿಗೆಯವರೆಗೂ ಬಂದಿತ್ತು. ಕನ್ನಡಿಯಲ್ಲಿ ಹೆಂಡತಿ ಎದ್ದು ನಿಂತು, ತಾನೇ ಒರೆಸಿದ ಗಾಜಿಗೆ ಮೂಗು ತಾಗಿಸಿ, ಜಾತ್ರೆ ನೋಡುವ ಮಕ್ಕಳ ಹಾಗೆ ನೋಡುತ್ತಿದ್ದಳು. ಕುತ್ತಿಗೆ ಮರವಾಯಿತು. ಅವನು ಎದುರಿನ ಗಾಜಿನಾಚೆಯ ಹಳಿಯನ್ನೇ ನೋಡುತ್ತ ಕೋಲನ್ನು ಎಳೆದ. ಅದು ಬರಲಿಲ್ಲ.

"ಕೋಲು, ಕೊಟ್ಟೆ," ಎಂದಳು ಆಕೆ.

ಹೇಳಬೇಕಾದ ಮಾತು ಅವನ ಬಾಯಲ್ಲಿರಲಿಲ್ಲ. ಬಾಯಲ್ಲಿದ್ದದ್ದು ಇನ್ನೊಂದು ವಾಕ್ಯ, ಅದು ಹೊರಬಂದುಬಿಡುತ್ತದೆಂಬ ಭಯದಲ್ಲಿ ಹಲ್ಲು ಕಚ್ಚಿಕೊಂಡಿದ್ದ. ಮತ್ತೆ ಎಳೆದ. ನಿಯಮ ಗೊತ್ತಿದ್ದವಳು ಆಕೆ, ಬಿಡಲಿಲ್ಲ. ಎರಡು ಕೈ ಒಂದು ಕೋಲನ್ನು ಹಿಡಿದುಕೊಂಡು ನಿಂತವು. ಇಷ್ಟು ಹೊತ್ತು ಅವು ಯಾವತ್ತೂ ಹೀಗೆ ನಿಂತಿರಲಿಲ್ಲ. ಒಳಮೈಗೆ ಕಟ್ಟಿದ ಗಡಿಯಾರ ಅವನ ಕಣ್ಣಂಚಿನಲ್ಲಿ ಹೊಳೆಯುತ್ತಿತ್ತು.

"ಕೋಲು ಕೊಟ್ಟೆ ಅಂದೆ," ಎಂದಳು ಆಕೆ, ಈ ಸಲ ಮೆಲ್ಲಗೆ. ಪಾಠದ ದನಿಯಲ್ಲ ಅದು.

"ತಗೊಂಡೆ," ಎಂದ ಅವನು, ಎದುರಿನ ಗಾಜಿಗೆ.

ಹಿಡಿತ ಸಡಿಲಾಯಿತು. ಆದರೂ ಆಕೆಯ ಕೈ ಹಿಂದೆ ಹೋಗಲಿಲ್ಲ, ಅಲ್ಲೇ ಎರಡು ಕಿಟಕಿಗಳ ನಡುವೆ ಖಾಲಿಯಾಗಿ ನಿಂತಿತ್ತು. "ನಾಳೆಯಿಂದ..." ಎಂದಳು. ಅವನು ಕಿಟಕಿ ಎಳೆದು ಮುಚ್ಚಿದ. ಗಾಜು ಚೌಕಟ್ಟಿಗೆ ಹೊಡೆದ ಸದ್ದು ಇಡೀ ಬೋಗಿಗೆ ಕೇಳಿಸಿತು. ಅವನು ಮುಚ್ಚಿದ್ದಲ್ಲ, ಕೈ ಮುಚ್ಚಿತು ಎಂದು ಯಾರಿಗೆ ಹೇಳುವುದು? ಆಕೆಯ ಗಾಡಿ ಹೊರಟುಹೋಯಿತು. ಅವನಿಗೆ ಸೇತುವೆಯ ದೀಪ ಇನ್ನೂ ಸಿಕ್ಕಿರಲಿಲ್ಲ. ಹೊರಡಲೂ ಆಗದೆ, ತೆರೆಯಲೂ ಆಗದೆ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಾಳೆಯಿಂದ ಏನು? ನಾಳೆಯಿಂದ ಬೇರೆ ಪಾಳಿಗೆ ಹೋಗುತ್ತೇನೆ ಎಂದೋ, ನಾಳೆಯಿಂದ ಕೈನೋವು ತಪ್ಪಿತು ಎಂದೋ, ನಾಳೆಯಿಂದ ನೀವು ಸಿಗುವುದಿಲ್ಲ ಎಂದೋ. ಎಲ್ಲರೂ ಆಡುವ ಇಷ್ಟು ಸಾಮಾನ್ಯ ಮಾತಿನಲ್ಲಿ ತನಗಾಗಿಯೇ ಏನೋ ಇರಬೇಕೆಂದು ಯಾಕೆ ಆಸೆಪಡಬೇಕು? ಆಸೆಪಟ್ಟ. ದೀಪ ಬಂತು. ಹಳೆಯ ಸೇತುವೆಯ ಮೇಲೆ ಗಾಡಿ ಕೊನೆಯ ಬಾರಿಗೆ ಗಡಗಡ ಹೋಗುವಾಗ ಹೆಂಡತಿ ಕಿಟಕಿಯಾಚೆ ನೀರು ನೋಡುತ್ತಿದ್ದಳು. ತೊಡೆಯ ಮೇಲಿನ ಕೋಲು ಅರ್ಧ ದಾರಿಯಲ್ಲೇ ತಣ್ಣಗಾಯಿತು. ಆಚೆ ದಡದಲ್ಲಿ ಕಾಯುತ್ತಿದ್ದ ಇನ್ನೊಬ್ಬ ಚಾಲಕನಿಗೆ ಅದನ್ನು ಕೊಟ್ಟ, ಕೊಟ್ಟೆ ಎಂದ, ಅವನು ತಗೊಂಡೆ ಎಂದ.

ಹೊರಬಡಾವಣೆಯ ತುದಿಯಲ್ಲಿ ಗಾಡಿಗಳನ್ನು ತಡೆದಿದ್ದರು. ಅಧಿಕಾರಿಗಳು ಹೊಸ ಹಳಿಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಸರಿಯುವವರೆಗೆ ಯಾರೂ ಹೊರಡುವಂತಿರಲಿಲ್ಲ. ಗಂಡ ಹೆಂಡತಿ ನಿಲ್ದಾಣದ ಬೆಂಚಿನ ಮೇಲೆ ನಡುವೆ ಊಟದ ಡಬ್ಬಿ ಇಟ್ಟುಕೊಂಡು ಕೂತರು. ಅಂಗಡಿಯಿಂದ ಅವಳೇ ಎರಡು ಚಹಾ ತಂದಳು. ಅವನಿಗೊಂದು ಲೋಟ ಕೊಟ್ಟು, ತುಟಿಯಂಚಿನಲ್ಲಿ ನಕ್ಕು, "ಕೊಟ್ಟೆ" ಎಂದಳು. ಅವನು ಸುಮ್ಮನೆ ತೆಗೆದುಕೊಂಡ. ಅವಳು ಸ್ವಲ್ಪ ಹೊತ್ತು ತನ್ನ ಲೋಟವನ್ನೇ ಊದುತ್ತಿದ್ದಳು.

"ಆಕೆ ಯಾರು ರೀ?"

"ಯಾರು?"

"ಕೋಲು ಕೊಟ್ಟೋರು."

"ಈ ಕಡೆ ಡಿಪೋದೋರು. ಟೀಚರ್ ಅಂತಾರೆ."

"ಪಾಪ, ಏನೋ ಹೇಳೋಕೆ ಬಾಯಿ ತೆಗೆದ್ರು. ನೀವು ಕಿಟಕಿ ಎಳೆದುಬಿಟ್ರಿ."

"ಲೇಟಾಗಿತ್ತು."

"ಎಲ್ಲಿ ಲೇಟು? ಆಮೇಲೆ ಅಲ್ಲೇ ಕೂತಿದ್ರಿ, ದೀಪ ಬರೋವರೆಗೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೆಂಚಿನ ಬಿರುಕಿನಲ್ಲಿ ಸಿಕ್ಕಿಕೊಂಡ ಒಂದು ಟಿಕೆಟ್ಟಿನ ಚೂರನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. "ಆ ಮುಖ ನೋಡಿದೆ ನಾನು. ಗಾಜು ಎಳೆದಾಗ ಆಕೆ ಮುಖ ಹೇಗಾಯ್ತು ಗೊತ್ತಾ ನಿಮಗೆ? ನಿಮಗೆಲ್ಲಿ ಗೊತ್ತಾಗತ್ತೆ, ನೀವು ನೋಡಲೇ ಇಲ್ಲ. ಅಯ್ಯೋ, ಇದು ನನ್ನ ಮುಖ ಅಲ್ವಾ ಅನ್ನಿಸ್ಬಿಡ್ತು ರೀ. ಮನೇಲಿ ನಾನೂ ಹೀಗೇ ಬಾಯಿ ತೆಗೀತೀನಿ, ನೀವು ಏನಾದ್ರೂ ಎಳೆದುಬಿಡ್ತೀರಿ. ಪೇಪರೋ, ಹೊದಿಕೇನೋ."

ಅವನು ಚಹಾ ಕುಡಿದ. ನಾಲಗೆ ಸುಟ್ಟಿತು.

"ಇಷ್ಟು ದಿನ ನನಗೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ," ಎಂದಳು. "ನಾನೇನು ತಪ್ಪು ಮಾಡಿದೆ ಅಂತ ಯೋಚನೆ ಮಾಡಿ ಮಾಡಿ ತಲೆ ಕೆಟ್ಟೋಗಿತ್ತು. ಇವತ್ತು ನೋಡಿದ್ರೆ ನೀವು ಊರಿಗೆಲ್ಲ ಹೀಗೇ. ಸರಿ ಬಿಡಿ, ಅದೊಂದು ಸಮಾಧಾನ."

ಇಲ್ಲ, ಊರಿಗೆಲ್ಲ ಅಲ್ಲ ಎಂದು ಅವನಿಗೆ ಹೇಳಬೇಕಾಗಿತ್ತು. ಅವಳು ಹಿಡಿದುಕೊಂಡಿರುವ ಸಮಾಧಾನ ಸುಳ್ಳಿನದು, ಅದನ್ನು ಅವಳ ಕೈಗೆ ಕೊಟ್ಟವನು ತಾನೇ. ಹೇಳಿದರೆ ಅವಳಿಗೆ ಅದೂ ಉಳಿಯುವುದಿಲ್ಲ. ಹೇಳದಿದ್ದರೆ ತಾನು ಇನ್ನೂ ಒಂದು ಗಾಜು ಎಳೆದಂತೆ. ಅವನು ಅವಳತ್ತ ನೋಡಿದ. ಕೂದಲಿಗೆ ಬಣ್ಣ ಹಚ್ಚುವುದನ್ನು ಅವಳು ಯಾವಾಗ ಬಿಟ್ಟಳು? ಕಿವಿಯ ಹಿಂದೆ ಬೆಳ್ಳಗೆ ಒಂದು ಎಳೆ ಗಾಳಿಗೆ ಏಳುತ್ತಿತ್ತು. ಇದೇ ಹೆಂಗಸು ಎಲ್ಲಿಗೂ ಹೋಗಬೇಕಿಲ್ಲದೆ ಅವನ ಬಸ್ಸು ಹತ್ತಿ ಕೂತವಳು, ಇವತ್ತು ರಜಾ ಹಾಕಿ ಮತ್ತೆ ಹಾಗೇ ಬಂದವಳು. ಅವಳು ಸೇತುವೆ ನೋಡಲು ಬಂದದ್ದಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಆದರೆ ಅವನ ಕಿವಿಯಲ್ಲಿ "ನಾಳೆಯಿಂದ" ಎಂಬ ಇನ್ನೊಂದು ದನಿಯೂ ಕೂತಿತ್ತು, ಅದು ಅಲುಗಲಿಲ್ಲ.

"ಒಂದು ನಾಯಿ," ಎಂದ ಅವನು.

"ಏನು?"

"ಏನಿಲ್ಲ. ಆಮೇಲೆ ಹೇಳ್ತೀನಿ."

"ಮಾತು ಬೇಡ ರೀ," ಎಂದಳು ಅವಳು, ಖಾಲಿ ಲೋಟ ಇಸಿದುಕೊಳ್ಳುತ್ತ. "ಒಂದೊಂದು ಸಲ ಮುಖ ಎತ್ತಿ ನೋಡಿದ್ರೆ ಸಾಕು. ಇವಳೊಬ್ಬಳು ಇದಾಳೆ ಅಂತ." ಅಷ್ಟರಲ್ಲಿ ಗಂಟೆ ಹೊಡೆಯಿತು.

ಮರಳುವಾಗ ಅವಳು ಮತ್ತೆ ಅದೇ ಸೀಟಿನಲ್ಲಿ ಕೂತಳು. ಗೂಡಿನಲ್ಲಿ ಕೋಲು ಇಡುವ ಕೊಕ್ಕೆ ಬೋಳಾಗಿ ನೇತಾಡುತ್ತಿತ್ತು. ಹೊಸ ಸೇತುವೆಯ ಬುಡದಲ್ಲಿ ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಹಸಿರು ದೀಪ ಮೊದಲೇ ಹೊತ್ತಿ ನಿಂತಿತ್ತು. ವೇಗ ಇಳಿಸಬೇಕಾಗಿಲ್ಲವೆಂದು ಹೊಸ ಫಲಕ ಹೇಳುತ್ತಿತ್ತು. ಗಾಡಿ ಸದ್ದೇ ಇಲ್ಲದೆ, ಎಣ್ಣೆಯ ಮೇಲೆ ಜಾರಿದಂತೆ ಸೇತುವೆ ಹತ್ತಿತು. ಎದುರಿನಿಂದ ಗಾಡಿ ಬರುತ್ತಿತ್ತು. ಈ ಹೊತ್ತಿಗೆ ಪೇಟೆಯ ತುದಿ ಮುಟ್ಟಿ ತಿರುಗಿ ಬರುವ ಗಾಡಿ ಯಾರದೆಂದು ಅವನಿಗೆ ಲೆಕ್ಕ ಹಾಕಬೇಕಾಗಿರಲಿಲ್ಲ. ಈ ಸಲ ನೋಡುತ್ತೇನೆ ಎಂದುಕೊಂಡ. ಮಾತಿಗೆ ಸಮಯವಿಲ್ಲ, ಕಿಟಕಿ ತೆರೆಯಲೂ ಇಲ್ಲ. ಒಂದು ಕೈ ಎತ್ತಿದರೆ ಎಲ್ಲ ತಿಳಿಯಬೇಕು, ಕ್ಷಮಿಸಿ ಎಂಬುದೂ, ಕಾಯುತ್ತಿದ್ದೆ ಎಂಬುದೂ. ಎಡಗೈ ಹಿಡಿಯ ಮೇಲಿತ್ತು, ಅದನ್ನು ತೆಗೆಯುವಂತಿಲ್ಲ. ಬಲಗೈ ಎತ್ತಿದ. ಮುಖಕ್ಕೆ ಸಮವಾಗಿ, ಬೆರಳು ಬಿಡಿಸಿ, ನಾಚಿಕೆ ಬಿಟ್ಟು ಎತ್ತಿದ. ನಡುಮಧ್ಯಾಹ್ನದ ಬಿಸಿಲು ಎದುರಿನ ಗಾಡಿಯ ಗಾಜಿನ ಮೇಲೆ ಬಿದ್ದು ಕಣ್ಣು ಕುಕ್ಕಿತು. ಬೆಳ್ಳಗೆ ಉರಿಯುವ ಒಂದು ತುಂಡು ಬಂತು, ಹೋಯಿತು. ಒಳಗೆ ಆಕೆ ಇದ್ದಳೋ, ನೋಡಿದಳೋ, ಹಳಿಯನ್ನೇ ನೋಡುತ್ತಿದ್ದಳೋ, ಏನೂ ಕಾಣಲಿಲ್ಲ. ಬೋಗಿಗಳು ಉಸ್ಸೆಂದು ಪಕ್ಕದಲ್ಲಿ ಹಾದು ಮುಗಿದವು. ಆಮೇಲೆ ಖಾಲಿ ಹಳಿ, ನದಿ.

ಕಣ್ಣು ಮಿಟುಕಿಸಿ ಅವನು ಹಿಂದಿನ ಬಾಗಿಲು ನೋಡಲೆಂದು ಕನ್ನಡಿಯತ್ತ ಮುಖ ಎತ್ತಿದ. ಕನ್ನಡಿಯಲ್ಲಿ ಹೆಂಡತಿ. ಅವಳು ಅವನ ಎತ್ತಿದ ಕೈಯನ್ನು ನೋಡಿದ್ದಳು, ಈಗ ಅವನ ಮುಖವನ್ನು ನೋಡುತ್ತಿದ್ದಳು. ಮೊದಲು ಅವಳಿಗೆ ಅದು ತನಗೇ ಎಂಬ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ, ಅಕ್ಕಪಕ್ಕ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣು ಹೊರಳಿಸಿದಳು. ಆಮೇಲೆ ಮಡಿಲ ಚೀಲವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಕಿವಿಯ ಮಟ್ಟದವರೆಗೆ ಮೆಲ್ಲಗೆ ಎತ್ತಿದಳು. ಇಂಜಿನ್ನಿನ ಕಾವಿಲ್ಲದಿದ್ದರೂ ಅವಳ ಕೆನ್ನೆ ಕೆಂಪಾಗಿತ್ತು. ಅವನಿಗೆ ಅಳು ಬಂತು. ಯಾರಿಗಾಗಿ ಎಂದು ಅವನಿಗೇ ಗೊತ್ತಾಗಲಿಲ್ಲ. ಅವನು ಕೈ ಇಳಿಸಿದ್ದರೆ ಅವಳೂ ಇಳಿಸುತ್ತಿದ್ದಳು. ಸೇತುವೆ ಮುಗಿಯುವವರೆಗೂ ಅವನು ಕೈ ಇಳಿಸಲಿಲ್ಲ.